ಚಿಗಳಿ ತಿಂದ ಬ್ಯಾಂಡ್ ಮೇಷ್ಟ್ರು

ದಕ್ಷಿಣಾಮೂರ್ತಿ ಮೇಷ್ಟ್ರಿಗೆ ಬ್ಯಾಂಡಿನ ಉಸ್ತುವಾರಿ ಅಂಟಿಕೊಂಡದ್ದು ಅವರ ಬಾಯಿಂದಲೇ. ಶಿಡ್ಲಘಟ್ಟದ ಒಂದು ಪ್ರೌಢಶಾಲೆಯಲ್ಲಿ ಅವರು ಡ್ರಾಯಿಂಗ್ ಮೇಷ್ಟ್ರು. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಮುಚ್ಚುತ್ತ, ಯಾರೂ ಕೇಳದಿದ್ದರೂ, "ಕಾಲೇಜಲ್ಲಿದ್ದಾಗ ನಾನೂ ಎನ್‌ಸಿಸಿ ಬ್ಯಾಂಡಿನಲ್ಲಿದ್ದೆ" ಎಂದುಬಿಟ್ಟರು. ಪೂರ್ತಿ ಸುಳ್ಳೇನಲ್ಲ. ಒಂದು ಕ್ಯಾಂಪಿನಲ್ಲಿ ಬಿಗ್ ಡ್ರಮ್ಮನ್ನು ವ್ಯಾನಿನಿಂದ ಇಳಿಸಿ ಮೈದಾನದವರೆಗೆ ಹೊತ್ತಿದ್ದರು. ಹೊರುವಾಗ ಅದು ಗೇಟಿಗೆ ತಗುಲಿ ಒಂದು ಸಲ 'ಢಂ' ಎಂದಿತ್ತು. ಸಂಗೀತಕ್ಕೆ ಅವರ ಸೇವೆ ಅಲ್ಲಿಗೆ ಮುಗಿದಿತ್ತು. ಆದರೆ ಪಿ.ಟಿ. ಮೇಷ್ಟ್ರು ವರ್ಗವಾಗಿ ಹೋದ ವಾರವೇ ಈ ಮಾತು ಹೆಡ್ಮಿಸ್ಟ್ರೆಸ್ ಕಿವಿಗೆ ಬಿತ್ತು. "ಮೂರ್ತಿಗಳೇ, ಇಷ್ಟು ದಿನ ಯಾಕೆ ಮುಚ್ಚಿಟ್ಟಿದ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಬ್ಯಾಂಡ್ ರೂಮಿನ ಬೀಗದ ಕೈ ಕೊಟ್ಟರು.

ಅಂದಿನಿಂದ ದಿನಾ ಬೆಳಿಗ್ಗೆ ಮೈದಾನದಲ್ಲಿ ಒಂದು ಸೊಗಸು ನಡೆಯುತ್ತಿತ್ತು. ಪಕ್ಕದ ಹಿಪ್ಪುನೇರಳೆ ತೋಟದ ಮೇಲೆ ಮಂಜು ಇನ್ನೂ ಏಳದೆ ಮಲಗಿರುತ್ತಿತ್ತು. ಅದರೊಳಗಿಂದ ಮೊದಲು ಡ್ರಮ್ಮಿನ ಸದ್ದು ಬರುತ್ತಿತ್ತು, ಆಮೇಲೆ ಬ್ಯೂಗಲ್ಲು, ಎಲ್ಲ ಆದ ಮೇಲೆ ಮಕ್ಕಳು. ಮೇಷ್ಟ್ರು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಅರ್ಧ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಅವರಿಗೆ ತಾಳ ಗೊತ್ತಿರಲಿಲ್ಲ, ರಾಗವಂತೂ ಇಲ್ಲವೇ ಇಲ್ಲ. ಸದ್ದೆಲ್ಲ ಬಣ್ಣವಾಗಿ ಕಾಣುತ್ತಿತ್ತು.

"ಹೆಂಗಿತ್ತು ಸಾರ್?" ಎಂದು ಮಕ್ಕಳು ಕೇಳಿದರೆ, "ಮಧ್ಯದಲ್ಲಿ ಸ್ವಲ್ಪ ನೇರಳೆ ಜಾಸ್ತಿ ಆಯ್ತು ಕಣ್ರಪ್ಪ" ಎನ್ನುತ್ತಿದ್ದರು.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಏನಿದ್ದರೂ ಇರಲಿ ಎಂದು ಬಿಗ್ ಡ್ರಮ್ಮನ್ನು ಮೆತ್ತಗೆ ಬಾರಿಸುತ್ತಿದ್ದರು. ಆಶ್ಚರ್ಯವೆಂದರೆ ಬ್ಯಾಂಡು ದಿನದಿನಕ್ಕೆ ಚೆನ್ನಾಗುತ್ತ ಹೋಯಿತು. ಇದರ ಕೀರ್ತಿ ನಿಜವಾಗಿ ಸಲ್ಲಬೇಕಾದದ್ದು ವರಲಕ್ಷ್ಮಿಗೆ. ಹತ್ತನೇ ಕ್ಲಾಸಿನ ಹುಡುಗಿ, ಬ್ಯೂಗಲ್ ಸಾಲಿನ ನಾಯಕಿ. ಮಾತು ಕಡಿಮೆ, ನೋಟ ಜಾಸ್ತಿ. ಎರಡು ವರ್ಷದಿಂದ ಚಿಂತಾಮಣಿಯ ಬ್ಯಾಂಡಿಗೆ ಸೋತು, ಕಡಿದು ಕಡಿದು ಅವಳ ಹಲ್ಲು ಸವೆದಿತ್ತು. ಮಾರ್ಚಿ ಕಳೆದರೆ ಶಾಲೆಯೂ ಇಲ್ಲ, ಬ್ಯೂಗಲ್ಲೂ ಇಲ್ಲ. ಇದೊಂದೇ ಸಲ ಉಳಿದಿರುವುದು ಎಂಬುದನ್ನು ಅವಳು ಯಾರಿಗೂ ಹೇಳದಿದ್ದರೂ ಇಡೀ ಶಾಲೆಗೆ ಗೊತ್ತಿತ್ತು.

ಡಿಸೆಂಬರಿನಲ್ಲಿ ಚಿಕ್ಕಬಳ್ಳಾಪುರದ ಮೈದಾನದಲ್ಲಿ ಮೊದಲ ಸುತ್ತಿನ ಸ್ಪರ್ಧೆ. ಸಮಿತಿಯ ಅಧ್ಯಕ್ಷರು ಉದಯಕುಮಾರ್. ಮೈಕಿಲ್ಲದೆ ಮಾತಾಡುವುದೆಂದರೆ ಅವರಿಗೆ ಬನಿಯನ್ನಿನಲ್ಲಿ ಪೇಟೆಗೆ ಹೋದಷ್ಟು ಮುಜುಗರ. ಪಕ್ಕದಲ್ಲಿ ಕೂತವರನ್ನು ನೀರು ಕೇಳುವುದಕ್ಕೂ ಮೈಕಿನಲ್ಲೇ ಕೇಳುತ್ತಿದ್ದರು. ಮೈದಾನದ ಆ ತುದಿಯಿಂದ ಯಾರಾದರೂ ಬಾಟಲಿ ಹಿಡಿದು ಓಡಿ ಬರುತ್ತಿದ್ದರು.

ಶಿಡ್ಲಘಟ್ಟದ ಮಕ್ಕಳು ತಮ್ಮ ಸರದಿ ಮುಗಿಸಿ ಮುಂದಿನ ಸಾಲಿನಲ್ಲಿ ಕೂತರು. ಚಿಂತಾಮಣಿಯ ಬ್ಯಾಂಡು ಒಳಗೆ ಬಂತು. ಆಗ ವರಲಕ್ಷ್ಮಿ ಚೀಲದಿಂದ ಒಂದು ಪೊಟ್ಟಣ ತೆಗೆದಳು. ಒಳಗೆ ಚಿಗಳಿ. ಹುಣಸೆಹಣ್ಣನ್ನು ಬೆಲ್ಲ, ಜೀರಿಗೆ, ಉಪ್ಪು, ಒಣಮೆಣಸಿನಕಾಯಿ ಹಾಕಿ ಕುಟ್ಟಿ, ಉಂಡೆ ಮಾಡಿ, ಕಡ್ಡಿಗೆ ಚುಚ್ಚಿದ್ದು. ಸಾಲಿನ ಉದ್ದಕ್ಕೂ ಒಂದೊಂದು ಹೋಯಿತು. "ಸಾರ್, ನಿಮಗೂ" ಎಂದು ಮೇಷ್ಟ್ರಿಗೂ ಒಂದು ಕೊಟ್ಟಳು.

ಹುಣಸೆಹಣ್ಣು ಚೀಪುವವರನ್ನು ಕಂಡರೆ ವಾಲಗದವರಿಗೆ ಏನಾಗುತ್ತದೆಂದು ನಮ್ಮ ಕಡೆ ಮದುವೆಮನೆಯ ಪೋಕರಿಗಳಿಗೆಲ್ಲ ಗೊತ್ತು. ಊದುವವನ ಬಾಯಲ್ಲಿ ನೀರೂರುತ್ತದೆ. ನೀರೂರಿದ ಬಾಯಿಂದ ಸ್ವರ ಹೊರಡುವುದಿಲ್ಲ, ಬೇರೆ ಏನೇನೋ ಹೊರಡುತ್ತದೆ. ದಕ್ಷಿಣಾಮೂರ್ತಿ ಮೇಷ್ಟ್ರಿಗೂ ಇದು ಗೊತ್ತಿತ್ತೇನೋ, ಆದರೆ ಆ ಹೊತ್ತಿಗೆ ನೆನಪಾಗಲಿಲ್ಲ. ಚಿಗಳಿ ನಾಲಿಗೆಗೆ ತಗುಲಿದ ಕೂಡಲೇ ಅವರಿಗೆ ಇಡೀ ಮೈದಾನ ಕೆಂಪು ಕಂದು ಬಣ್ಣದಲ್ಲಿ ತೇಲಿತು. ಕಣ್ಣು ಮುಚ್ಚಿಕೊಂಡರು. ತುಟಿ ಮುಂದೆ ಮಾಡಿ, ಹುಬ್ಬು ಮೇಲೇರಿಸಿ, 'ಟ್ಟ' ಎಂದು ನಾಲಿಗೆ ಚಪ್ಪರಿಸಿದರು. ಎದುರಿಗೆ ಚಿಂತಾಮಣಿಯ ಮೊದಲ ಬ್ಯೂಗಲ್ಲು ಕೆರೆಯಲ್ಲಿ ಮುಳುಗುವ ಎಮ್ಮೆಯ ಹಾಗೆ ಗುಳುಗುಳು ಎಂದಿತು. ಎರಡನೆಯದೂ ಎಂದಿತು. ಮೇಷ್ಟ್ರು ಕಣ್ಣು ಬಿಡಲಿಲ್ಲ.

ಚಿಂತಾಮಣಿ ಬ್ಯಾಂಡಿನ ಮೇಷ್ಟ್ರು ಚೆನ್ನರಾಯಪ್ಪನವರು ಕಣ್ಣು ಬಿಟ್ಟೇ ಇದ್ದರು. ಅವರ ಪಕ್ಕದಲ್ಲಿದ್ದ ಯಾರದೋ ಫೋನೂ ಕಣ್ಣು ಬಿಟ್ಟಿತ್ತು.

ಸಂಜೆಯೊಳಗೆ ಆ ವಿಡಿಯೋ ನಾಲ್ಕು ತಾಲ್ಲೂಕು ಸುತ್ತಿತು. ಮಕ್ಕಳ ಮುಖ ಅದರಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಒಬ್ಬರದೇ: ಕಣ್ಣು ಮುಚ್ಚಿ, ಪರಮಾನಂದದಲ್ಲಿ, ಕಡ್ಡಿ ಹಿಡಿದು ಚೀಪುತ್ತಿದ್ದ ನಡುವಯಸ್ಸಿನ ಮರ್ಯಾದಸ್ಥರೊಬ್ಬರದು. ಮರುದಿನ ಬೇಕರಿಯವನು ಬ್ರೆಡ್ಡಿನ ಜೊತೆ, "ಸಾರ್, ಚಿಗಳಿ ಇಟ್ಟಿಲ್ಲ ನಾವು, ಕ್ಷಮಿಸ್ಬೇಕು" ಎಂದ. ರೇಷ್ಮೆಗೂಡಿನ ಮಾರುಕಟ್ಟೆಯ ಹತ್ತಿರ ಪರಿಚಯವೇ ಇಲ್ಲದ ಒಬ್ಬ ರೈತ ಸ್ಕೂಟರ್ ನಿಲ್ಲಿಸಿ, ಇವರನ್ನು ಕಣ್ತುಂಬ ನೋಡಿ, ಬಾಯಿ ಒರೆಸಿಕೊಂಡು ಹೋದ.

ಹೆಡ್ಮಿಸ್ಟ್ರೆಸ್ ರೂಮಿನಲ್ಲಿ ಪಂಚಾಯ್ತಿ ಆಯಿತು.

"ಮಿಸ್, ನಾವು ಒಂದ್ ಮಾತೂ ಆಡಿಲ್ಲ," ಎಂದಳು ವರಲಕ್ಷ್ಮಿ. "ಹೋದ್ವರ್ಷ ಅವರು ಬಾರಿಸೋವಾಗ ಕೂಗಿದ್ವಿ ಅಂತ ನೀವೇ ಬೈದ್ರಲ್ಲ. ಬಾಯಿ ಮುಚ್ಕೊಂಡು ಕೂತ್ಕೊಳಿ ಅಂದ್ರಿ. ಅದಕ್ಕೇ ಬಾಯಿಗೆ ಏನಾದ್ರೂ ಹಾಕ್ಕೊಂಡು ಕೂತ್ಕೊಳ್ಳಣ ಅಂತ..."

"ತಿನ್ನಕ್ಕೆ ಬೇರೆ ಏನೂ ಸಿಗಲಿಲ್ವೇನೆ?"

"ಸಾರೂ ತಿಂದ್ರಲ್ಲ ಮಿಸ್."

ಎಲ್ಲರೂ ಸಾರಿನ ಕಡೆ ನೋಡಿದರು. ಸಾರು ಕಿಟಕಿಯ ಕಡೆ ನೋಡಿದರು.

ಚೆನ್ನರಾಯಪ್ಪನವರ ದೂರಿನ ಮೇಲೆ ಸಮಿತಿಯ ತೀರ್ಮಾನ ಉದಯಕುಮಾರರ ಫೋನಿನಲ್ಲಿ ಬಂತು. ಚಿಂತಾಮಣಿಯವರು ಡ್ರಮ್ಮಿನ ಬಲದಿಂದ ಕೊನೆಯ ಸುತ್ತಿಗೆ ಬಂದಿದ್ದಾರೆ. ಶಿಡ್ಲಘಟ್ಟದವರೂ ಬಂದಿದ್ದಾರೆ. ಆದರೆ ಇವರು ಹೋಗಿ ಅವರ ಕ್ಷಮೆ ಕೇಳಬೇಕು. ಕೊನೆಯ ಸುತ್ತಿನ ದಿನ ಚೆನ್ನರಾಯಪ್ಪನವರು ಸಮಿತಿಯ ಮುಂದೆ 'ಒಪ್ಪಿದ್ದೇನೆ' ಎನ್ನಬೇಕು. ಇಲ್ಲದಿದ್ದರೆ ಶಿಡ್ಲಘಟ್ಟ ಮೈದಾನಕ್ಕೆ ಇಳಿಯುವ ಹಾಗಿಲ್ಲ. ವರಲಕ್ಷ್ಮಿ ಕೈಯಲ್ಲಿದ್ದ ಬ್ಯೂಗಲ್ಲನ್ನು ಲಂಗದ ಅಂಚಿನಿಂದ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಆ ಒರೆಸುವಿಕೆ ಮೇಷ್ಟ್ರ ಎದೆಗೆ ತಾಗಿತು. ತಾಗಿದಾಗಲೆಲ್ಲ ಅವರ ಬಾಯಿ ದೊಡ್ಡದಾಗುತ್ತಿತ್ತು. "ಮೇಡಂ, ಇದನ್ನ ನನಗೆ ಬಿಡಿ. ಕ್ಷಮೆ ಕೇಳೋದ್ರಲ್ಲೂ ಒಂದು ಕಲೆ ಇದೆ. ಚಿಂತಾಮಣಿಯವರು ಜನ್ಮದಲ್ಲಿ ಮರೀಬಾರದು, ಹಾಗೆ ಕೇಳ್ಕೊಂಡು ಬರ್ತೀನಿ" ಎಂದರು.

ಚಿಂತಾಮಣಿಯವರು ನಿಜವಾಗಿಯೂ ಮರೆಯಲಿಲ್ಲ; ಅಷ್ಟರ ಮಟ್ಟಿಗೆ ಆ ಮಾತು ಉಳಿಯಿತು.

ಮನೆಯಲ್ಲಿ ತಾಯಿ ಗೋದಮ್ಮನವರಿಗೆ ವಿಷಯ ಹೇಳಿದರು. ಮಗ ಮದುವೆಯಾಗದೆ ನಲವತ್ತೇಳು ದಾಟಿದ್ದನ್ನು ಬಿಟ್ಟರೆ ಗೋದಮ್ಮನವರಿಗೆ ಲೋಕದಲ್ಲಿ ಯಾವ ದೂರೂ ಇರಲಿಲ್ಲ. "ಬರಿಗೈಲಿ ಹೋಗ್ತಾರೇನೋ ಮೂರ್ತಿ? ಒಂದು ತಟ್ಟೇಲಿ ಎಲೆ ಅಡಿಕೆ, ಹಣ್ಣು ಕಾಯಿ ಇಟ್ಕೊಂಡು ಹೋಗು. ಹೆಂಗಸರಿರೋ ಮನೆ, ಒಂದು ರವಿಕೆ ಕಣಾನೂ ಇರ್ಲಿ" ಎಂದರು.

ಒಂದೇ ತಟ್ಟೆಗೆ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಮೇಷ್ಟ್ರು ಡ್ರಾಯಿಂಗಿನವರು. ಎಲ್ಲ ಒಂದರಲ್ಲೇ ತುರುಕಿದರೆ ಚಿತ್ರ ಕೆಡುತ್ತದೆಂದು ಅವರು ಅದನ್ನು ಐದು ತಟ್ಟೆಗಳಿಗೆ ಹಂಚಿದರು. ಎಲೆ ಅಡಿಕೆ ಒಂದರಲ್ಲಿ, ತೆಂಗಿನಕಾಯಿ ಒಂದರಲ್ಲಿ, ಬಾಳೆಹಣ್ಣು ಒಂದರಲ್ಲಿ, ಮೈಸೂರುಪಾಕು ಒಂದರಲ್ಲಿ, ಹೂವಿನ ಪಕ್ಕ ಕೆಂಪು ರವಿಕೆ ಕಣ ಒಂದರಲ್ಲಿ. ಮೇಲೆ ಜರಿಯಂಚಿನ ಬಟ್ಟೆ ಮುಚ್ಚಿದರು. ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದರು. ಚೆನ್ನಾಗಿತ್ತು.

ಭಾನುವಾರ ಬೆಳಿಗ್ಗೆ ಒಂದು ಟೆಂಪೋದಲ್ಲಿ ಹೊರಟರು. ಚಿಗಳಿ ಚೀಪಿದ್ದ ಎಂಟು ಜನ ಮಕ್ಕಳು, ಕೆಂಪು ಕೋಟಿನ ಯೂನಿಫಾರ್ಮು, ಬ್ಯೂಗಲ್ಲು, ಡ್ರಮ್ಮು. ಕ್ಷಮೆಯ ಕೊನೆಯಲ್ಲಿ ಒಂದು ಗೌರವದ ಧುನ್ ಊದಿಸುವುದು ಮೇಷ್ಟ್ರ ಕಲ್ಪನೆ. ಮುಂಚಿತವಾಗಿ ಫೋನ್ ಮಾಡಿರಲಿಲ್ಲ; ಹೇಳಿ ಹೋದರೆ ಕ್ಷಮೆಯ ತೂಕ ಹೋಗುತ್ತದೆ. ದಾರಿಯುದ್ದಕ್ಕೂ ಮಂಜು. ಅದರಲ್ಲಿ ಮರಗಳು ತಲೆ ಮಾತ್ರ ಇಟ್ಟುಕೊಂಡು ತೇಲುತ್ತಿದ್ದವು. ಮೇಷ್ಟ್ರಿಗೆ ತಾವು ಎರಡು ರಾಜ್ಯಗಳ ನಡುವೆ ಸಂಧಾನಕ್ಕೆ ಹೊರಟವರಂತೆ ಅನಿಸುತ್ತಿತ್ತು. ಚೆನ್ನರಾಯಪ್ಪನವರು ಎದ್ದು ಬಂದು ತಬ್ಬಿಕೊಳ್ಳುತ್ತಾರೆ, ತಾವು ಎರಡು ಮಾತಾಡುತ್ತಾರೆ, ಜನ ಕಣ್ಣೊರೆಸಿಕೊಳ್ಳುತ್ತಾರೆ. ಆ ಎರಡು ಮಾತು ಆಗಲೇ ಹತ್ತು ನಿಮಿಷದಷ್ಟಾಗಿತ್ತು.

ಚಿಂತಾಮಣಿಯ ತರಕಾರಿ ಮಾರುಕಟ್ಟೆ ದಾಟಿ ಚೆನ್ನರಾಯಪ್ಪನವರ ಬೀದಿಗೆ ಬಂದಾಗ ಮೇಷ್ಟ್ರು ದಂಗಾದರು. ಮನೆ ಮುಂದೆ ದೊಡ್ಡ ರಂಗೋಲಿ. ಬಾಗಿಲಿಗೆ ಮಾವಿನ ತೋರಣ. ಅಂಗಳದಲ್ಲಿ ಬಾಡಿಗೆ ಕುರ್ಚಿ. ಒಳಗಿಂದ ತುಪ್ಪದ ವಾಸನೆ.

"ನೋಡ್ರಮ್ಮ," ಎಂದರು ಗದ್ಗದರಾಗಿ, "ಕ್ಷಮಿಸೋದಕ್ಕೆ ಹೆಂಗೆ ತಯಾರಾಗಿ ಕೂತಿದಾರೆ! ಸಂಸ್ಕಾರ ಅಂದ್ರೆ ಇದು."

"ಸಾರ್, ಇದು ಬೇರೆ ಏನೋ ಥರ ಇದೆ," ಎಂದಳು ವರಲಕ್ಷ್ಮಿ.

ಅಷ್ಟರಲ್ಲಿ ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡಿದ್ದವು. ನಮ್ಮ ಕಡೆ ಮುಚ್ಚಿದ ತಟ್ಟೆಗಳ ಸಾಲು ಬೆಳಗಿನ ಹೊತ್ತು ಒಂದು ಬೀದಿಗೆ ಬಂದರೆ, ಅದರ ಹಿಂದೆ ಬ್ಯಾಂಡೂ ಇದ್ದರೆ, ಯಾರೂ ಯಾರನ್ನೂ ಏನೆಂದು ಕೇಳುವುದಿಲ್ಲ. ಹೆಣ್ಣಿರುವ ಮನೆ ಯಾವುದೆಂದು ನೋಡುತ್ತಾರೆ. ಚೆನ್ನರಾಯಪ್ಪನವರ ಮನೆಯಲ್ಲಿ ಹೆಣ್ಣಿತ್ತು. ಮಗಳು ರೂಪ, ನರ್ಸಿಂಗ್ ಹೋಮಿನಲ್ಲಿ ಕೆಲಸ. ಗೌರಿಬಿದನೂರಿನಿಂದ ಗಂಡಿನವರು ಅವತ್ತೇ ನೋಡಲು ಬರುವುದೆಂದು ನಿಗದಿಯಾಗಿತ್ತು. ಹುಡುಗ ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಅವರನ್ನು ಎದುರುಗೊಳ್ಳಲು ಚೆನ್ನರಾಯಪ್ಪನವರು ಬೈಪಾಸಿಗೆ ಹೋಗಿದ್ದರು. ಮನೆಯಲ್ಲಿದ್ದವರು ಅವರ ಅಕ್ಕ ಗಂಗುಲಮ್ಮ.

"ರಾಂಡಿ ರಾಂಡಿ, ಬನ್ನಿ," ಎಂದು ಗಂಗುಲಮ್ಮ ತೆಲುಗು ಕನ್ನಡ ಬೆರೆಸಿ ಓಡಿ ಬಂದರು. "ನಮ್ಮ ತಮ್ಮ ನಿಮ್ಮನ್ನ ಕರ್ಕೊಂಡ್ ಬರಕ್ಕೇ ಬೈಪಾಸಿಗೆ ಹೋದ. ಎಲ್ಲೋ ದಾರೀಲಿ ತಪ್ಪೋಯ್ತೇನೋ. ಕಾಲಿಗೆ ನೀರ್ ತಗೊಳ್ಳಿ."

ಸೋಲಿಸಲು ನೋಡಿದವರನ್ನು ಕರೆತರಲು ಬೈಪಾಸಿನವರೆಗೆ ಹೋದ ಆ ಮಹಾನುಭಾವನನ್ನು ನೆನೆದು ಮೇಷ್ಟ್ರ ಕಣ್ಣು ತುಂಬಿತು. ತಟ್ಟೆಗಳು ಒಳಗೆ ಹೋದವು. ಸೋಫಾ ಸಿಕ್ಕಿತು. ಉಪ್ಪಿಟ್ಟು, ಕೇಸರಿಬಾತು ಬಂತು. ನೆರೆಮನೆಯ ಹೆಂಗಸರು ಬಾಗಿಲಲ್ಲಿ ಗುಂಪುಗಟ್ಟಿದರು.

"ಈ ಮಕ್ಳೆಲ್ಲ?" ಎಂದು ಗಂಗುಲಮ್ಮ ಕೆಂಪು ಕೋಟಿನ ಸಾಲನ್ನು ತೋರಿಸಿ ಕೇಳಿದರು.

"ಎಲ್ಲಾ ನಮ್ಮವೇ ಅಮ್ಮ," ಎಂದರು ಮೇಷ್ಟ್ರು. "ಒಳ್ಳೇದು ಮಾಡಿದ್ರೂ ನಮ್ಮವೇ, ಕೆಟ್ಟದ್ದು ಮಾಡಿದ್ರೂ ನಮ್ಮವೇ."

ಬಾಗಿಲಲ್ಲಿದ್ದ ಒಬ್ಬಾಕೆ ಬೆರಳು ಮಡಿಸಿ ಎಣಿಸಿ, ಮೂಗಿನ ಮೇಲೆ ಬೆರಳಿಟ್ಟುಕೊಂಡಳು.

ರೂಪ ಕಾಫಿ ತಂದಿಟ್ಟು, ಮೇಷ್ಟ್ರ ಮುಖವನ್ನೇ ನೋಡುತ್ತ ನಿಂತಳು. ಎಲ್ಲೋ ನೋಡಿದ ಮುಖ. "ಚೆನ್ನಾಗಿ ಓದಮ್ಮ" ಎಂದು ಮೇಷ್ಟ್ರು ಅಭ್ಯಾಸಬಲದಿಂದ ಹರಸಿದರು.

ಗಂಗುಲಮ್ಮ ಸೆರಗು ಸರಿಮಾಡಿಕೊಂಡು ವ್ಯವಹಾರಕ್ಕೆ ಇಳಿದರು. "ನೋಡಿ, ನಮ್ಮದು ದೊಡ್ಡ ಮನೆತನ ಏನಲ್ಲ. ನಿಮ್ಮ ಮನಸ್ಸಲ್ಲಿ ಏನಿದೆ, ಬಾಯ್ಬಿಟ್ಟು ಹೇಳ್ಬಿಡಿ. ಆಮೇಲೆ ಮಾತು ಬರಬಾರ್ದು."

"ನಮ್ಮದೇನಿದೆ ತಾಯಿ?" ಎಂದರು ಮೇಷ್ಟ್ರು ಕೈ ಮುಗಿದು. "ತಲೆ ಬಗ್ಗಿಸಿ ಬಂದವರು ನಾವು. ನೀವು ಹೇಳಿದ ಹಾಗೆ ಕೇಳ್ತೀವಿ. ನಮಗೆ ಏನೂ ಬೇಡ. ಒಪ್ಪಿದೆ ಅಂತ ನಿಮ್ಮ ಬಾಯಿಂದ ಒಂದು ಮಾತು ಬಂದ್ರೆ ಸಾಕು."

ಬಾಗಿಲಲ್ಲಿದ್ದ ಗುಂಪು ಒಂದು ಹೆಜ್ಜೆ ಒಳಗೆ ಸರಿಯಿತು. ಚಿಂತಾಮಣಿಯ ಚರಿತ್ರೆಯಲ್ಲಿ ಗಂಡಿನ ಕಡೆಯವರು ಇಂಥ ಮಾತಾಡಿದ್ದನ್ನು ಆ ಬೀದಿ ಕೇಳಿರಲಿಲ್ಲ. ಒಬ್ಬಾಕೆ ಕಣ್ಣೊರೆಸಿಕೊಂಡಳು. ಇನ್ನೊಬ್ಬಾಕೆ, "ನಮ್ಮ ಬೀಗರು ಮಂಚಕ್ಕೆ ಹಾಸಿಗೆ ಸಾಲದು ಅಂತ ಮೂರು ದಿನ ಊಟ ಬಿಟ್ಟಿದ್ರು ಕಣೇ" ಎಂದು ಪಕ್ಕದವಳಿಗೆ ಹೇಳಿದಳು. ಗಂಗುಲಮ್ಮ ಮೇಷ್ಟ್ರ ತಟ್ಟೆಗೆ ಇನ್ನೊಂದು ಸಲ ಕೇಸರಿಬಾತು ಹಾಕಿದರು. ಆಮೇಲೆ ಕೇಳಿದರು: "ಅದೆಲ್ಲ ಸರಿ, ಹುಡುಗ ಎಲ್ಲಿ? ಇನ್ನೂ ಮುಖಾನೇ ತೋರಿಸಿಲ್ವಲ್ಲ!"

ತಪ್ಪು ಮಾಡಿದ ಹುಡುಗ ಯಾರೆಂದು ಕೇಳುತ್ತಿದ್ದಾರೆ ಎಂದು ಮೇಷ್ಟ್ರು ತಿಳಿದರು. ಒಬ್ಬರ ಮೇಲೆ ಹೊರಿಸುವ ಜಾಯಮಾನ ಅವರದಲ್ಲ.

"ಒಬ್ಬನೇ ಅಂತ ಹೇಳಕ್ಕಾಗಲ್ಲಮ್ಮ. ಎಂಟೂ ಜನ ಸೇರಿದಾರೆ," ಎಂದು ಸಾಲು ತೋರಿಸಿದರು. ಒಂದು ಕ್ಷಣ ತಡೆದು, ಪ್ರಾಮಾಣಿಕತೆ ಉಕ್ಕಿ ಬಂದು, "ನಿಜ ಹೇಳ್ಬೇಕು ಅಂದ್ರೆ, ಜೊತೆಗೆ ನಾನೂ ಇದೀನಿ" ಎಂದರು.

ಗಂಗುಲಮ್ಮನವರ ಕೈಯಲ್ಲಿದ್ದ ಕಾಫಿ ಲೋಟ ನೆಲಕ್ಕೆ ಬಿತ್ತು.

"ಇದೇಮಿ ಕಥಯ್ಯಾ ತಂಡ್ರೀ!" ಎಂದು ಅವರು ಎದೆ ಹಿಡಿದುಕೊಂಡರು. ಆ ಹೊತ್ತಿಗೆ ಸರಿಯಾಗಿ ರೂಪ ಮುಂದೆ ಬಂದಳು. "ಸಾರ್, ಒಂದ್ ನಿಮಿಷ ಕಣ್ಣು ಮುಚ್ಚಿ."

ಮೇಷ್ಟ್ರು ವಿಧೇಯರಾಗಿ ಕಣ್ಣು ಮುಚ್ಚಿದರು.

"ತುಟಿ ಸ್ವಲ್ಪ ಮುಂದಕ್ಕೆ ಮಾಡಿ."

ಮಾಡಿದರು.

"ಅತ್ತೆ! ಇವರು ಗಂಡಿನವರಲ್ಲ! ಚಿಗಳಿ ಮೇಷ್ಟ್ರು!"

ಕಣ್ಣು ಬಿಟ್ಟಾಗ ಬಾಗಿಲಲ್ಲಿ ಚೆನ್ನರಾಯಪ್ಪನವರು ನಿಂತಿದ್ದರು. ಆರಡಿ ಆಳು, ಮೀಸೆ. ಅವರ ಹಿಂದೆ ಗೌರಿಬಿದನೂರಿನ ನಿಜವಾದ ಗಂಡಿನವರು. ಚೆನ್ನರಾಯಪ್ಪನವರು ತಮ್ಮ ಸೋಫಾದ ಮೇಲೆ, ತಮ್ಮ ಕೇಸರಿಬಾತಿನ ತಟ್ಟೆ ಹಿಡಿದು ಕೂತಿದ್ದ ಮನುಷ್ಯನನ್ನು ಗುರುತು ಹಿಡಿದರು. ಮೀಸೆ ನಡುಗಿತು. ಬಾಯಿ ತೆರೆಯಿತು. ಅದರಿಂದ ಏನು ಹೊರಡಬೇಕೋ ಅದು ಹೊರಡುವ ಮೊದಲೇ ಹುಡುಗನ ತಂದೆ ಆವಲಪ್ಪನವರು ಅವರ ಬೆನ್ನು ತಟ್ಟಿದರು.

"ಏನ್ರೀ ಚೆನ್ನರಾಯಪ್ಪನೋರೆ! ನಮಗೋಸ್ಕರ ಬ್ಯಾಂಡ್ ಬೇರೆ ಹೇಳ್ಸಿದೀರಾ? ಇನ್ನೂ ನೋಡೋ ಶಾಸ್ತ್ರಕ್ಕೇ ಹಿಂಗಾದ್ರೆ ಮದುವೆಗೆ ಆನೆ ತರಿಸ್ತೀರೇನ್ರಪ್ಪ!"

ಚೆನ್ನರಾಯಪ್ಪನವರ ಬಾಯಿ ಮುಚ್ಚಿತು. ಮತ್ತೆ ತೆರೆದಾಗ ಅದರಲ್ಲಿ ನಗುವಿನಂಥದ್ದೇನೋ ಇತ್ತು. "ಹೆ ಹೆ. ಇರ್ಲಿ ಅಂತ," ಎಂದರು. ಆಮೇಲೆ ಮೇಷ್ಟ್ರ ಕಿವಿಯ ಹತ್ತಿರ ಬಗ್ಗಿ, ಹಲ್ಲು ಕಚ್ಚಿಕೊಂಡು, "ಬಾರಿಸ್ಬಿಟ್ಟು ಜಾಗ ಖಾಲಿ ಮಾಡ್ರೀ" ಎಂದರು.

ಅಂಗಳದಲ್ಲಿ ಶಿಡ್ಲಘಟ್ಟದ ಬ್ಯಾಂಡು ನಿಂತಿತು. ಬಿಸಿಲು ಇನ್ನೂ ಮಂಜನ್ನು ಸೋಸುತ್ತಿತ್ತು. ಡ್ರಮ್ಮು ಶುರುವಾಯಿತು. ವರಲಕ್ಷ್ಮಿ ಬ್ಯೂಗಲ್ಲನ್ನು ತುಟಿಗೆ ಎತ್ತಿದಳು. ಎತ್ತಿದವಳು ಎದುರಿಗೆ ನೋಡಿದಳು.

ಸದ್ದು ಕೇಳಿ ಬೀದಿಯ ಮಕ್ಕಳು ಬಂದಿದ್ದರು. ಅದರಲ್ಲಿ ನಾಲ್ಕೈದು ಜನ ಚೆನ್ನರಾಯಪ್ಪನವರ ಬ್ಯಾಂಡಿನವರು. ಎದುರಿನ ಗೂಡಂಗಡಿಯ ಬಾಟಲಿಯಲ್ಲಿದ್ದ ಚಿಗಳಿ ಆಗಲೇ ಅವರ ಕೈಗೆ ಬಂದಿತ್ತು. ಮುಂದೆ ನಿಂತವಳು ಎರಡು ಜಡೆಯ ಹುಡುಗಿ, ಅವತ್ತು ಮೈದಾನದಲ್ಲಿ ಮೊದಲು ಗುಳುಗುಳು ಎಂದವಳು. ವರಲಕ್ಷ್ಮಿಯ ಕಣ್ಣಲ್ಲಿ ಕಣ್ಣಿಟ್ಟು, ಅವಸರವಿಲ್ಲದೆ, ಉಂಡೆಯ ಸುತ್ತ ಒಂದು ಸುತ್ತು ನಾಲಿಗೆ ಆಡಿಸಿದಳು.

ಶಿಡ್ಲಘಟ್ಟದ ಬ್ಯೂಗಲ್ಲು ಮೂರು ಸ್ವರ ಸರಿಯಾಗಿ ನುಡಿಯಿತು. ನಾಲ್ಕನೆಯದು ನೀರಲ್ಲಿ ಬಿತ್ತು. ಆಮೇಲಿನದೆಲ್ಲ ನೀರೇ. ವರಲಕ್ಷ್ಮಿಯ ಗಲ್ಲದಿಂದ ಕೆಂಪು ಕೋಟಿನ ಮೇಲೆ ತೊಟ್ಟಿಕ್ಕಿತು. ಬೀದಿ ಬಿದ್ದು ಬಿದ್ದು ನಕ್ಕಿತು. ಅವಳು ತುಟಿಯಿಂದ ಬ್ಯೂಗಲ್ ತೆಗೆಯಲಿಲ್ಲ. ಕಣ್ಣಲ್ಲೂ ನೀರು ತುಂಬಿಕೊಂಡು ಗುಳುಗುಳು ಎಂದು ಊದುತ್ತಲೇ ಇದ್ದಳು.

"ಏನ್ ನಿಮ್ಮ ಹುಡುಗ್ರು ಹಿಂಗೆ?" ಎಂದರು ಆವಲಪ್ಪ, ನಗುತ್ತ, ಆದರೆ ಒಂದು ಹುಬ್ಬು ಎತ್ತಿ. "ಮನೆಗೆ ಕರೆಸ್ಕೊಂಡು ಅಣಕ ಮಾಡ್ತಾವಲ್ಲ."

ಚೆನ್ನರಾಯಪ್ಪನವರ ಕಿವಿ ಕೆಂಪಾಯಿತು. ತಾವು ಊರೂರಿಗೆ ಸಾರಿದ್ದ ದೂರು ಈಗ ತಮ್ಮ ಅಂಗಳದಲ್ಲೇ, ತಮ್ಮ ಮಕ್ಕಳ ಕೈಯಲ್ಲಿ, ಕಡ್ಡಿಗೆ ಚುಚ್ಚಿಕೊಂಡು ನಿಂತಿತ್ತು. "ಏಯ್! ಉಗೀರೋ ಎಲ್ಲ! ಉಗೀರಿ!" ಎಂದು ಗುಡುಗಿದರು. ಉಗಿಯಲು ಜಾಗವಿರಲಿಲ್ಲ, ರಂಗೋಲಿ ಇತ್ತು. ಮಕ್ಕಳು ಗಬಕ್ಕನೆ ನುಂಗಿದರು.

ಡ್ರಮ್ಮು ನಿಂತಿತು. ದಕ್ಷಿಣಾಮೂರ್ತಿ ಮೇಷ್ಟ್ರು ತಮ್ಮ ಹತ್ತು ನಿಮಿಷದ ಮಾತಿಗೆ ಇದೇ ಸಮಯವೆಂದು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ವರಲಕ್ಷ್ಮಿ ಅಂಗಳ ದಾಟಿ ಎರಡು ಜಡೆಯ ಹುಡುಗಿಯ ಹತ್ತಿರ ಹೋಗಿದ್ದಳು.

"ಅವತ್ತು ನಿಂಗೂ ಹಿಂಗೇ ಆಯ್ತೇನೆ?"

"ಹೂಂ."

"ಎಲ್ಲಾರೂ ನಗ್ತಿದ್ರಾ?"

"ನಮ್ಮಮ್ಮಾನೂ ಬಂದಿದ್ಳು ನೋಡಕ್ಕೆ."

ವರಲಕ್ಷ್ಮಿ ತೋಳಿನಿಂದ ಗಲ್ಲ ಒರೆಸಿಕೊಂಡಳು. "ತಪ್ಪಾಯ್ತು ಕಣೇ."

ಹುಡುಗಿ ಅವಳ ಕೈಯಿಂದ ಬ್ಯೂಗಲ್ಲನ್ನು ಇಸಕೊಂಡು, "ಹಿಂಗೆ ತಲೆಕೆಳಗೆ ಮಾಡಿ ಜಾಡಿಸ್ಬೇಕು, ಇಲ್ಲಾಂದ್ರೆ ಒಳಗೆ ಹಸಿರು ಕಟ್ಟುತ್ತೆ" ಎಂದು ಜಾಡಿಸಿ ಕೊಟ್ಟಳು.

ಮೇಷ್ಟ್ರಿಗೆ ಮಾತಾಡಲು ಅವಕಾಶವೇ ಸಿಗಲಿಲ್ಲ. ಆವಲಪ್ಪನವರು ಅವರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಂಡರು. ಐದು ತಟ್ಟೆಗಳು ನಿಜವಾದ ಗಂಡಿನವರ ತಟ್ಟೆಗಳ ಜೊತೆ ಬೆರೆತುಹೋದವು. ಬಿಡಿಸಿ ಕೊಡಿ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಗೋದಮ್ಮನವರ ಕೆಂಪು ರವಿಕೆ ಕಣ ರೂಪಳಿಗೇ ಸೇರಿತು. ಸಂಬಂಧ ಗಟ್ಟಿಯಾಯಿತೆಂದು ಆಮೇಲೆ ತಿಳಿಯಿತು.

ಕೊನೆಯ ಸುತ್ತಿನ ಬೆಳಿಗ್ಗೆ ಚಿಕ್ಕಬಳ್ಳಾಪುರದ ಮೈದಾನ ಇರಲಿಲ್ಲ. ಮಂಜು ಮಾತ್ರ ಇತ್ತು. ಸ್ಕಂದಗಿರಿ ಯಾವ ಕಡೆ ಇದೆಯೆಂದು ಊರಿನವರೇ ಹೇಳಲಾರದ ಹಾಗಿತ್ತು. ಬಿಳುಪಿನ ನಡುವೆ ಅಲ್ಲಲ್ಲಿ ಕೆಂಪು ಕೋಟು, ಚಿಂತಾಮಣಿಯವರ ನೀಲಿ ಕೋಟು, ಹಿತ್ತಾಳೆಯ ಹೊಳಪು ತೇಲುತ್ತಿದ್ದವು. ಇದರೊಳಗಿಂದ ಉದಯಕುಮಾರರ ಧ್ವನಿ ಆಕಾಶವಾಣಿಯ ಹಾಗೆ ಬಂತು: "ಚಿಂತಾಮಣಿಯ ಬ್ಯಾಂಡ್ ಮೇಷ್ಟ್ರು ವೇದಿಕೆಗೆ ಬರಬೇಕು. ಕ್ಷಮೆಯನ್ನು ಒಪ್ಪಿದ್ದೀರಾ ಹೇಗೆ? ಮೈಕಿನಲ್ಲಿ ಹೇಳಿ."

ಚೆನ್ನರಾಯಪ್ಪನವರು ಮೈಕ್ ಹಿಡಿದರು. "ಮಕ್ಕಳದ್ದು ಮುಗೀತು ಸಾರ್. ಅವತ್ತೇ ಮುಗೀತು. ನಮ್ಮವೂ ಏನ್ ಕಮ್ಮಿ ಅಲ್ಲ."

ವರಲಕ್ಷ್ಮಿ ಉಸಿರು ಬಿಟ್ಟಳು.

"ಆದ್ರೆ ಮೇಷ್ಟ್ರದ್ದು ಮುಗಿದಿಲ್ಲ."

ಬಿಟ್ಟ ಉಸಿರನ್ನು ವಾಪಸ್ಸು ಎಳೆದುಕೊಂಡಳು.

"ನಮ್ಮನೆಗೆ ಬಂದ್ರು. ಉಪ್ಪಿಟ್ಟು ತಿಂದ್ರು. ಕೇಸರಿಬಾತ್ ಎರಡು ಸಲ ಹಾಕಿಸ್ಕೊಂಡ್ರು ಅಂತ ನಮ್ಮಕ್ಕ ಹೇಳ್ತಾಳೆ. ನಮ್ಮ ಬೀಗರ ಜೊತೆ ಫೋಟೋ ತೆಗೆಸ್ಕೊಂಡ್ರು. ಎಂಟು ಮಕ್ಕಳನ್ನೂ ಮುಂದೆ ನಿಲ್ಲಿಸಿದ್ರು. ಆದ್ರೆ ತಪ್ಪಾಯ್ತು ಅಂತ ಅವರ ಬಾಯಿಂದ ಒಂದ್ ಮಾತು ಬಂದಿಲ್ಲ."

ದಕ್ಷಿಣಾಮೂರ್ತಿ ಮೇಷ್ಟ್ರಿಗೆ ಕಾಲ ಕೆಳಗಿನ ಮಂಜು ಸರಿದಂತಾಯಿತು. ಮನಸ್ಸಿನಲ್ಲಿ ಅವರು ಅಷ್ಟು ಸಲ ಕೇಳಿದ್ದರು, ಅಷ್ಟು ಚೆನ್ನಾಗಿ ಕೇಳಿದ್ದರು, ಹೊರಗೆ ಕೇಳಿಯೇ ಇಲ್ಲವೆಂಬುದು ಹೊಳೆದೇ ಇರಲಿಲ್ಲ. ವೇದಿಕೆ ಹತ್ತಿದರು. ಅವರ ಭಾಷಣ ಸೂರ್ಯೋದಯದ ವರ್ಣನೆಯಿಂದ ಶುರುವಾಗುತ್ತಿತ್ತು. ಸೂರ್ಯ ಎಲ್ಲೂ ಕಾಣಲಿಲ್ಲ. ಕೆಳಗೆ ನೋಡಿದರು. ವರಲಕ್ಷ್ಮಿ ಬ್ಯೂಗಲ್ಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು, ಒರೆಸುತ್ತಿರಲಿಲ್ಲ.

"ನಾನು ಕಣ್ಣು ಮುಚ್ಕೊಂಡು ತಿಂದೆ," ಎಂದರು ಮೈಕಿನಲ್ಲಿ. "ಎದುರಿಗೆ ನಿಮ್ಮ ಮಕ್ಕಳು ಊದ್ತಾ ಇದ್ರು. ನೋಡಬೇಕಾಗಿತ್ತು. ನೋಡಲಿಲ್ಲ. ತಪ್ಪಾಯ್ತು."

ಮುಂದಿನ ಮಾತಿಗಾಗಿ ಮೈದಾನ ಕಿವಿ ಚಾಚಿತು.

"ಅಷ್ಟೇನಾ?" ಎಂದರು ಉದಯಕುಮಾರ್, ಇನ್ನೊಂದು ಮೈಕಿನಲ್ಲಿ.

"ಅಷ್ಟೇ."

"ಸಾಕು," ಎಂದರು ಚೆನ್ನರಾಯಪ್ಪ. "ಒಪ್ಪಿದೀನಿ. ಬಾರಿಸ್ಲಿ ಹುಡುಗ್ರು."

ಶಿಡ್ಲಘಟ್ಟದವರು ಬಾರಿಸಿದರು. ತಿರುವಿನಲ್ಲಿ ಒಂದು ಡ್ರಮ್ಮು ತುಸು ಮುಂಚೆ ಬಿತ್ತು, ಉಳಿದದ್ದೆಲ್ಲ ಚೆನ್ನಾಗಿತ್ತು. ಮೊದಲ ಬಹುಮಾನ ಚಿಂತಾಮಣಿಗೇ ಹೋಯಿತು. ಅದನ್ನು ಇಲ್ಲೇ ಹೇಳಿ ಮುಗಿಸುವುದು ಒಳ್ಳೆಯದು, ಏಕೆಂದರೆ ಅದಕ್ಕೂ ಸ್ವಲ್ಪ ಮುಂಚೆ ಒಂದು ಸಣ್ಣ ಸಂಗತಿ ನಡೆಯಿತು.

ಚಿಂತಾಮಣಿಯ ಬ್ಯಾಂಡು ಮಂಜಿನಿಂದ ಹೊರಗೆ ಬರುತ್ತಿತ್ತು. ಮುಂದೆ ಎರಡು ಜಡೆಯ ಹುಡುಗಿ, ತುಟಿಯಲ್ಲಿ ಬ್ಯೂಗಲ್ಲು, ಅದರಿಂದ ಒಂದು ತಿಳಿಯಾದ ಹಳದಿ ಗೆರೆ ನೇರ ಮೇಲಕ್ಕೆ ಹೋಗುತ್ತಿತ್ತು. ಮೇಷ್ಟ್ರು ಈ ಸಲ ಕಣ್ಣು ಬಿಟ್ಟೇ ನೋಡಿದರು. ಬಾಯಲ್ಲಿ ಏನೂ ಇರಲಿಲ್ಲ. ಮನಸ್ಸು ಎಷ್ಟು ತುಂಬಿಬಂತೆಂದರೆ ಎದ್ದು ನಿಂತು, ಮನಸಾರೆ, ಪಟಪಟನೆ ಚಪ್ಪಾಳೆ ತಟ್ಟತೊಡಗಿದರು. ಮುಂದಿನ ಸಾಲಿನ ನೀಲಿ ಕಾಲುಗಳು ಒಂದು ಕ್ಷಣ ತಡವರಿಸಿದವು.

ಮೇಷ್ಟ್ರ ಕೋಟಿನ ತುದಿಯನ್ನು ಯಾರೋ ಜಗ್ಗಿದರು.

"ಸಾರ್, ನಿಲ್ಸಿ," ಎಂದಳು ವರಲಕ್ಷ್ಮಿ ಮೆತ್ತಗೆ, ಬ್ಯಾಂಡಿನಿಂದ ಕಣ್ಣು ತೆಗೆಯದೆ. "ನಿಮ್ಮ ಚಪ್ಪಾಳೆ ತಾಳ ತಪ್ತಾ ಇದೆ. ಅವಳ ಹೆಜ್ಜೆ ಕೆಡುತ್ತೆ."

ಮೇಷ್ಟ್ರು ನಿಲ್ಲಿಸಿದರು. ಆದರೆ ಸಂತೋಷ ನಿಲ್ಲಲಿಲ್ಲ. ಎರಡು ಅಂಗೈಗಳನ್ನು ಹತ್ತಿರ ತಂದು, ಒಂದಕ್ಕೊಂದು ತಗುಲದ ಹಾಗೆ, ಮಂಜಿನಲ್ಲಿ ಸದ್ದಿಲ್ಲದೆ ತಟ್ಟುತ್ತ ನಿಂತರು. ಚಿಂತಾಮಣಿಯ ಬ್ಯಾಂಡು ಒಂದು ಹೆಜ್ಜೆಯೂ ತಪ್ಪದೆ ಅವರ ಮುಂದೆ ಹಾದುಹೋಯಿತು.